ಹಸುಗಳ ಹೆಸರಿನ ಚುಕ್ಕಿಗಳು

ಯಾವ ಅಂಗಡಿಯಿಂದ ಹೊರಗೆ ಬಂದರೂ ನಾನು ಮೊದಲು ತಿರುಗುವುದು ತಪ್ಪು ಕಡೆಗೆ. ಇದು ಯಾವಾಗಲೋ ಒಮ್ಮೆ ಆಗುವ ಮರೆವಲ್ಲ, ತಪ್ಪದೆ ನಡೆಯುವ ಕ್ರಮ. “ಹಾಗಾದ್ರೆ ನಿನಗೆ ತೋಚಿದ್ದಕ್ಕೆ ಉಲ್ಟಾ ಹೋಗು, ಸರಿ ಹೋಗುತ್ತೆ” ಎಂದು ನನ್ನ ಗಂಡ ಸೋಮಶೇಖರ ಒಮ್ಮೆ ಸಲಹೆ ಕೊಟ್ಟರು. ಹಾಗೂ ಮಾಡಿ ನೋಡಿದೆ. ಆ ದಿನ ಮಾತ್ರ ನನಗೆ ಮೊದಲು ತೋಚಿದ್ದೇ ಸರಿಯಾಗಿತ್ತು.

ಮದುವೆಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋದವಳು, ಅಡುಗೆಮನೆಯ ಹಿಂಬಾಗಿಲಿನಿಂದ ಹೊರಬಿದ್ದು, ಪಕ್ಕದ ಛತ್ರದೊಳಗೆ ಹೊಕ್ಕು, ಅಲ್ಲಿಯ ವಧೂವರರಿಗೆ ಅಕ್ಷತೆ ಹಾಕಿ, ತಾಂಬೂಲವನ್ನೂ ತೆಗೆದುಕೊಂಡು ಬಂದಿದ್ದೇನೆ. ತೆಂಗಿನಕಾಯಿ ಚೆನ್ನಾಗಿತ್ತು. ಸೋಮಶೇಖರರಾದರೋ ದೇವನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಣ್ಣು ಕಟ್ಟಿ ತಿರುಗಿಸಿ ಬಿಟ್ಟರೂ ಮೂಡಲು ಯಾವುದು, ಪಡುವಲು ಯಾವುದು ಎಂದು ಹೇಳಬಲ್ಲರು. ನಿದ್ದೆಗಣ್ಣಿನಲ್ಲಿ ಕೂಡ “ಸ್ವಲ್ಪ ದಕ್ಷಿಣಕ್ಕೆ ಸರಿ” ಎನ್ನುತ್ತಾರೆ. ನಾನು ಎದ್ದು ಕೂತು ಯೋಚಿಸಿ, ಕೊನೆಗೆ ಅವರನ್ನೇ ಎಬ್ಬಿಸಿ ದಕ್ಷಿಣ ಯಾವುದೆಂದು ಕೇಳಿ ಸರಿಯುತ್ತೇನೆ.

ಇಂಥವಳಿಗೆ ದೇವರು ಕೂತಲ್ಲೇ ಮಾಡುವ ಕೆಲಸ ಕೊಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಾನು ಪಶುವೈದ್ಯೆ. ಮನುಷ್ಯರ ಡಾಕ್ಟರಾಗಿದ್ದರೆ ಕುರ್ಚಿಯ ಮೇಲೆ ಕೂತು ಗಂಟೆ ಬಾರಿಸಬಹುದಿತ್ತು; ರೋಗಿ ತಾನೇ ದಾರಿ ಹುಡುಕಿಕೊಂಡು ಬರುತ್ತಿದ್ದ. ಜ್ವರ ಬಂದು ಮಲಗಿದ ಎಮ್ಮೆ ಆಟೋ ಹತ್ತಿ ಬರುವುದಿಲ್ಲ. ಅದಿದ್ದಲ್ಲಿಗೆ ನಾನೇ ಹೋಗಬೇಕು. ಅದು ಇರುವುದು ಊರಿನೊಳಗಲ್ಲ, ಊರಾಚೆಯ ತೋಟದ ಕೊಟ್ಟಿಗೆಯಲ್ಲಿ. ಕುಂದಾಣದ ಕಡೆಯ ಪಶು ಆಸ್ಪತ್ರೆಗೆ ವರ್ಗವಾಗಿ ಬಂದ ಹೊಸದರಲ್ಲಿ ಫೋನಿನಲ್ಲಿ ನನಗೆ ಸಿಗುತ್ತಿದ್ದ ದಾರಿ ಹೀಗಿರುತ್ತಿತ್ತು: “ಸೀದಾ ಬನ್ನಿ ಡಾಕ್ಟ್ರಮ್ಮ, ದೊಡ್ಡ ಹುಣಸೆಮರ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗ್ಬುಟ್ರೆ ನಮ್ದೇ ತೋಟ.”

“ಹುಣಸೆಮರ ಎಲ್ಲಿದೆ?”

“ಅಯ್ಯೋ, ಅದನ್ನ ಕಡ್ದುಬಿಟ್ರು, ಎಷ್ಟೋ ವರ್ಸ ಆಯ್ತು. ಇತ್ತಲ್ಲ, ಅಲ್ಲಿ.”

ಮರ ಹೋದ ಮೇಲೂ ತಿರುವು ಅದರ ಹೆಸರಿನಲ್ಲೇ ಉಳಿದಿರುತ್ತದೆ. ನಮ್ಮ ಕಡೆ ಹೀಗೆ ಇಲ್ಲದ ಬಾವಿಯ ಪಕ್ಕ, ಮುಚ್ಚಿಹೋದ ಮಿಲ್ಲಿನ ಹಿಂದೆ, ಬಿದ್ದ ಗೋಡೆಯ ಮುಂದೆ ಎಷ್ಟೋ ಜನ ವಾಸವಾಗಿದ್ದಾರೆ. ಊರಿನವರಿಗೆ ಅದೆಲ್ಲ ಇನ್ನೂ ಕಾಣುತ್ತದೆ. ನನಗೆ ಕಾಣುವುದು ಹೊಸ ಬಡಾವಣೆಯ ಬಿಳಿ ಕಲ್ಲುಗಳು ಮಾತ್ರ. ಸಾಲದ್ದಕ್ಕೆ ಊರಿನ ಹೆಸರುಗಳು. ಹಳೆಯ ಊರು ಬಿಟ್ಟು ಹೊಸ ಜಾಗಕ್ಕೆ ಹೋದ ಹಿರಿಯರು, ಪಾಪ, ದಣಿದಿದ್ದರೋ ಏನೋ, ಹೊಸ ಹೆಸರಿಗಾಗಿ ತಲೆ ಕೆಡಿಸಿಕೊಳ್ಳದೆ ಎಲ್ಲ ಕಡೆಯೂ ಹೊಸಹಳ್ಳಿ ಎಂದೇ ಕರೆದುಬಿಟ್ಟಿದ್ದಾರೆ. ಒಮ್ಮೆ ಒಂದು ಹೊಸಹಳ್ಳಿಯಿಂದ ಎಮ್ಮೆಗೆ ಹುಷಾರಿಲ್ಲವೆಂದು ಕರೆ ಬಂತು. ಹೋದೆ. ಊರಬಾಗಿಲ ಮೊದಲ ಮನೆಯ ಮುಂದೆಯೇ ಎಮ್ಮೆ ಕಟ್ಟಿತ್ತು. ಮನೆಯ ಯಜಮಾನ ಎದ್ದು ನಿಂತ. ನಾನು ಜ್ವರ ನೋಡಿದೆ, ಬಾಯಿ ಬಿಡಿಸಿದೆ, ಹೊಟ್ಟೆಗೆ ಕಿವಿಗೊಟ್ಟೆ, ಏನೂ ಸಿಗಲಿಲ್ಲ. “ಯಾವಾಗಿಂದ ಹೀಗಿದೆ?” ಎಂದೆ. ಆತ ಸಂಕೋಚದಿಂದ, “ಅದು ಚೆನ್ನಾಗೇ ಐತೆ ಡಾಕ್ಟ್ರಮ್ಮ. ನೀವು ಬಂದ್ರಿ, ನೋಡಕ್ ಶುರು ಮಾಡ್ಕೊಂಡ್ರಿ, ಬ್ಯಾಡ ಅನ್ನಕ್ ಬಾಯಿ ಬರ್ನಿಲ್ಲ” ಎಂದ. ಅದು ಬೇರೆ ಹೊಸಹಳ್ಳಿ. ಅವನ ಹೆಂಡತಿ ಕಾಫಿ ಕೊಟ್ಟಳು, ಮಗ ಬೈಕಿನಲ್ಲಿ ಮುಂದೆ ಹೋಗಿ ಸರಿಯಾದ ಹೊಸಹಳ್ಳಿಯವರೆಗೆ ಬಿಟ್ಟು ಬಂದ. ಚೀಲದಲ್ಲಿ ಅವರು ಹಾಕಿದ್ದ ಅವರೆಕಾಯಿಯನ್ನು ನಾನು ಮನೆಗೆ ಬಂದ ಮೇಲೆ ನೋಡಿದೆ.

ದಾರಿ ತಪ್ಪಿದ್ದರಿಂದ ನನಗೆ ಹೀಗೆ ಬಂದ ಅವರೆಕಾಯಿ, ನುಗ್ಗೆಕಾಯಿ, ಒಂದು ಸಲ ದ್ರಾಕ್ಷಿಯ ಒಂದು ಇಡೀ ಪೆಟ್ಟಿಗೆ, ಇವನ್ನೆಲ್ಲ ನೆನೆದರೆ ದೂರಲು ಮನಸ್ಸು ಬರುವುದಿಲ್ಲ. ಆದರೆ ಕಾಯಿಲೆಯ ಪ್ರಾಣಿ ಕಾಯುತ್ತಿರುತ್ತದೆ. ಅದಕ್ಕೆ ನನ್ನ ಅವರೆಕಾಯಿಯಿಂದ ಪ್ರಯೋಜನವಿಲ್ಲ.

ಇಂಥ ಹೊತ್ತಿನಲ್ಲಿ ನಾನು ಸೋಮಶೇಖರರಿಗೆ ಫೋನು ಮಾಡುತ್ತಿದ್ದೆ. ಅವರು ತರಗತಿಯಿಂದ ಹೊರಗೆ ಬಂದು ಮೆಲ್ಲಗೆ ಕೇಳುತ್ತಿದ್ದರು: “ನಿನ್ನ ನೆರಳು ಯಾವ ಕಡೆ ಬಿದ್ದಿದೆ?”

“ನನ್ನ ಹಿಂದೆ.”

“ನೀನು ಯಾವ ಕಡೆ ಮುಖ ಮಾಡಿದ್ದೀಯ?”

“ಅದನ್ನೇ ತಾನೆ ನಾನು ಕೇಳ್ತಿರೋದು?”

ಅಲ್ಲಿಗೆ ಗಣಿತ ಮುಗಿಯುತ್ತಿತ್ತು.

ನನ್ನ ಪಾಡು ಕಂಡು ಕೈಹಿಡಿದವಳು ನಸ್ರೀನ್. ನಮ್ಮ ಬೀದಿಯವಳೇ, ಕೃಷಿ ಇಲಾಖೆಯಲ್ಲಿ ಕೆಲಸ. ಹೊಲ ಹೊಲ ಸುತ್ತಿ ಯಾರು ಏನು ಬೆಳೆದಿದ್ದಾರೆ ಎಂದು ನೋಡಿ ಬರೆದುಕೊಳ್ಳುವುದರಲ್ಲಿ ಅವಳ ವರ್ಷ ಕಳೆಯುತ್ತದೆ. ಒಂದು ಸಂಜೆ ನಾನು ಮುಖ ಸಣ್ಣಗೆ ಮಾಡಿಕೊಂಡು ಬಂದದ್ದನ್ನು ನೋಡಿ, “ಅರೇ, ಇವತ್ತು ಯಾವ ಊರಿಗೆ ಹೋಗಿದ್ರಿ ಅಕ್ಕ, ಯಾವ ಊರು ಸಿಕ್ತು?” ಎಂದು ನಕ್ಕಳು. ಆಮೇಲೆ ಚೀಲದಿಂದ ಸೋಪಿನ ಡಬ್ಬಿಗಿಂತ ಸ್ವಲ್ಪ ದಪ್ಪನೆಯ ಒಂದು ಯಂತ್ರ ತೆಗೆದಳು. ಬೆಟ್ಟ ಹತ್ತುವವರು, ಕಾಡು ಸುತ್ತುವವರು ಕೈಯಲ್ಲಿ ಹಿಡಿದುಕೊಳ್ಳುವ ಜಿಪಿಎಸ್.

“ಫೋನಿದೆಯಲ್ಲ” ಎಂದೆ.

“ಫೋನಿಗೆ ರಸ್ತೆ ಗೊತ್ತು ಅಕ್ಕ, ಕೊಟ್ಟಿಗೆ ಗೊತ್ತಾ?”

ಆ ಮಾತು ನಾಟಿತು. ಫೋನಿನ ಮೇಲೆ ನನಗೆ ಬೇರೆ ದೂರುಗಳೂ ಇದ್ದವು. ಅದು ದಾರಿ ಹೇಳುತ್ತಿರುವಾಗಲೇ ಹಸುವಿನವರು ಕರೆ ಮಾಡಿ “ಎಲ್ಲಿದ್ದೀರಾ?” ಎಂದು ಕೇಳುತ್ತಾರೆ. ಅದನ್ನು ಹೇಳಲು ದಾರಿ ನೋಡಬೇಕು. ದಾರಿ ನೋಡಲು ಅವರು ಫೋನಿಡಬೇಕು. ಗುಡ್ಡದ ಮಗ್ಗುಲಿಗೆ ಹೋದರೆ ಸಿಗ್ನಲ್ ಇರುವುದಿಲ್ಲ. ಸಗಣಿ ಮೆತ್ತಿದ ಬೆರಳಿಗೆ ಗಾಜಿನ ಪರದೆ ಓಗೊಡುವುದಿಲ್ಲ. ನಸ್ರೀನಳ ಯಂತ್ರಕ್ಕೆ ಗುಂಡಿಗಳಿದ್ದವು, ಸಾದಾ ಸೆಲ್ಲು ಸಾಕಿತ್ತು, ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದಿತ್ತು. ನನ್ನ ಕಸುಬಿನಲ್ಲಿ ತೊಳೆಯಲು ಬಾರದ ವಸ್ತುವನ್ನು ನಂಬುವುದು ಕಷ್ಟ.

ಮುಂದಿನ ಭಾನುವಾರ ನಾನೂ ನಸ್ರೀನಳೂ ಬೆಂಗಳೂರಿಗೆ ಹೋದೆವು. ಅಂಗಡಿಯ ಹುಡುಗಿ ಬಹಳ ಉತ್ಸಾಹದಿಂದ ಒಂದೊಂದೇ ಯಂತ್ರ ತೋರಿಸಿದಳು. ಒಂದಕ್ಕೆ ಗಾಳಿಯ ಒತ್ತಡ ತಿಳಿಯುತ್ತಿತ್ತು, ಒಂದು ಹೃದಯ ಬಡಿತ ಎಣಿಸುತ್ತಿತ್ತು, ಒಂದು ಮೀನು ಎಲ್ಲಿದೆ ಎಂದು ಹೇಳುತ್ತಿತ್ತು. “ಯಾವ ಬೆಟ್ಟಕ್ಕೆ ಹೋಗೋದು ಮೇಡಂ? ಹಿಮಾಲಯಾನಾ?” ಎಂದು ಕೇಳಿದಳು. “ಇಲ್ಲಮ್ಮ, ಹಸು ನೋಡೋಕೆ” ಎಂದೆ. ಹಸುವಿಗೆ ಸರಿಹೊಂದುವ ಮಾದರಿ ಯಾವುದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ನಸ್ರೀನಳೇ ಎಲ್ಲಕ್ಕಿಂತ ಸಾಧಾರಣವಾದದ್ದನ್ನು ಕೈಗೆತ್ತಿಕೊಂಡು, ಬಿಸಿಲಿಗೆ ಹಿಡಿದು ಅಕ್ಷರ ಕಾಣುತ್ತದೆಯೇ ನೋಡಿ, ಕಣ್ಣುಮುಚ್ಚಿ ಗುಂಡಿಗಳನ್ನು ಒತ್ತಿ ನೋಡಿ, “ಇದೇ” ಎಂದಳು. ಟೊಮೇಟೊ ಆರಿಸುವಷ್ಟೇ ಗಮನ, ಅಷ್ಟೇ ಹೊತ್ತು. ಅವಳ ಆಯ್ಕೆಗೆ ನಾನು ಇಂದಿಗೂ ಋಣಿ.

ಈ ಯಂತ್ರದ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಇದು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಮಾತಾಡುವುದಿಲ್ಲ. ಒಂದು ಸಲ ಹೋದ ಜಾಗದಲ್ಲಿ ನಿಂತು ಗುಂಡಿ ಒತ್ತಿದರೆ ಅಲ್ಲೊಂದು ಚುಕ್ಕಿ ಇಟ್ಟುಕೊಳ್ಳುತ್ತದೆ. ಮತ್ತೆ ಹೋಗಬೇಕೆಂದಾಗ ಆ ಚುಕ್ಕಿಯ ಕಡೆಗೆ ಒಂದು ಬಾಣ ತೋರಿಸಿ, ಇನ್ನೆಷ್ಟು ದೂರ ಎಂದು ಹೇಳುತ್ತದೆ. ಅಷ್ಟೇ. ನಡುವೆ ಕೆರೆಯಿದೆಯೋ, ಮುಳ್ಳಿದೆಯೋ, ಕಚ್ಚುವ ನಾಯಿಯಿದೆಯೋ ಅದಕ್ಕೆ ಗೊತ್ತಿಲ್ಲ. ಹಕ್ಕಿಗಾದರೆ ಬಹಳ ಉಪಯುಕ್ತ.

ನಾನು ಚುಕ್ಕಿಗಳಿಗೆ ಹಸುಗಳ ಹೆಸರಿಟ್ಟೆ. ಮನೆಯವರ ಹೆಸರು ಇಡಬಹುದಿತ್ತು. ಆದರೆ ನಮ್ಮ ಕಡೆ ಮುನಿರಾಜುಗಳೂ ಹೊಸಹಳ್ಳಿಗಳಷ್ಟೇ ಇದ್ದಾರೆ. ಹಸುವಿನ ವಿಷಯದಲ್ಲಿ ಜನ ಮನಸ್ಸಿಟ್ಟು ಹೆಸರಿಡುತ್ತಾರೆ. ಹಾಗಾಗಿ ನನ್ನ ಯಂತ್ರದಲ್ಲಿ ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ಬೆಳ್ಳಿ, ಕೆಂಚಿ, ರಾಣಿ, ಕುಂದಾಣದ ಗೌರಿ, ದಾರಿಯಾಚೆ ಗೌರಿ, ಒದೆಯುವ ಗೌರಿ ಎಲ್ಲರೂ ಸೇರಿಕೊಂಡರು. ಇಡೀ ಹೋಬಳಿಯ ಹಸುಗಳು ನನ್ನ ಜೇಬಿನಲ್ಲಿದ್ದವು. ನವಗ್ರಹಗಳಿಗೆ ನನ್ನಮ್ಮ ಎಷ್ಟು ಎಳ್ಳುದೀಪ ಹಚ್ಚಿದರೂ ಮಗಳಿಗೆ ದಿಕ್ಕು ತಿಳಿಯುವಂತೆ ಆಗಿರಲಿಲ್ಲ. ಮನುಷ್ಯರೇ ಮಾಡಿ ಹಾರಿಬಿಟ್ಟ ಉಪಗ್ರಹಗಳು ಯಾವ ಪೂಜೆಯನ್ನೂ ಕೇಳದೆ ಆ ಕೆಲಸ ಮಾಡಿಕೊಟ್ಟವು.

ಕನ್ನಡದಲ್ಲಿ ದಿಕ್ಕು ಎನ್ನುವ ಮಾತಿಗೆ ಎರಡು ಅರ್ಥ ಕೂಡಿಕೊಂಡಿರುವುದನ್ನು ನೀವು ಗಮನಿಸಿರಬಹುದು. ಮೂಡಲು ಪಡುವಲು ಕೂಡ ದಿಕ್ಕೇ, ಆಸರೆ ಕೂಡ ದಿಕ್ಕೇ. ನನಗ್ಯಾರು ದಿಕ್ಕು ಎಂದು ಅಳುವವರು ನಕ್ಷೆ ಕೇಳುತ್ತಿರುವುದಿಲ್ಲ. ಎಂಟು ದಿಕ್ಕಿಗೆ ಎಂಟು ದೇವತೆಗಳನ್ನು ಕಾವಲಿಟ್ಟು, ಒಂದೊಂದು ಕಡೆಗೂ ಒಂದೊಂದು ಆನೆಯನ್ನು ನಿಲ್ಲಿಸಿದ ನಮ್ಮ ಪೂರ್ವಿಕರು ಕೂಡ ಎಲ್ಲೋ ನನ್ನಂತೆ ದಾರಿ ತಪ್ಪಿ ಹೆದರಿದವರೇ ಇರಬೇಕು. ಗುರುತಿಗಾದರೆ ಕಲ್ಲು ಸಾಕಿತ್ತು. ಆನೆ ನಿಲ್ಲಿಸಿದ್ದು ಧೈರ್ಯಕ್ಕೆ.

ಸೋಮಶೇಖರರಿಗೆ ಮೊದಲು ಸ್ವಲ್ಪ ಬೇಸರವಾಯಿತೆಂದು ತೋರುತ್ತದೆ. ನನ್ನ ಫೋನು ಬರುವುದು ನಿಂತ ಮೇಲೆ ಒಂದು ಮಧ್ಯಾಹ್ನ ಅವರೇ ಕರೆ ಮಾಡಿ, “ಎಲ್ಲಿದ್ದೀಯ? ಗೊತ್ತಾ ನಿನಗೆ?” ಎಂದು ಕೇಳಿದರು. ಗೊತ್ತು ಎಂದೆ. “ಹಾಗಾದ್ರೆ ಸರಿ” ಎಂದು ಇಟ್ಟರು. ಆ ‘ಸರಿ’ಯಲ್ಲಿ ಸಂತೋಷ ಎಷ್ಟು, ನಿರಾಸೆ ಎಷ್ಟು ಎಂದು ನಾನು ಅಳೆಯಲಿಲ್ಲ. ಸಂಜೆ ಬರುವಾಗ ಅವರಿಗಿಷ್ಟದ ಖಾರದ ಕಡಲೆಕಾಯಿ ತಂದೆ.

ಇಷ್ಟೆಲ್ಲ ಹೇಳಿದ್ದು ಒಂದು ಬೆಳಗಿನ ವಿಷಯ ಹೇಳಲು.

ಮಾಗಿಯ ದಿನಗಳು. ನಂದಿಬೆಟ್ಟದ ಕಡೆಯಿಂದ ಮಂಜು ಇಳಿದು ನಮ್ಮ ತಾಲ್ಲೂಕನ್ನೆಲ್ಲ ನುಂಗಿ ಕೂತಿತ್ತು. ಹೊತ್ತು ಹುಟ್ಟಿದೆ ಎನ್ನುವುದನ್ನು ಗಡಿಯಾರದಿಂದಲೇ ತಿಳಿಯಬೇಕು. ನಾನು ಕಾಫಿ ಕುಡಿಯುತ್ತಿದ್ದಾಗ ಮಂಜುಳ ಎಂಬುವಳ ಫೋನು ಬಂತು. ಬೆಳ್ಳಿಯ ಮನೆಯವಳು. ಅತ್ತೆ ಗೌರಮ್ಮ ಮತ್ತು ಅವಳು, ಇಬ್ಬರೇ ಮನೆಯಲ್ಲಿ. ಗಂಡ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸದಲ್ಲಿದ್ದ.

“ಡಾಕ್ಟ್ರಮ್ಮ, ಬೆಳ್ಳಿ ನೋವು ತಿಂತಾವ್ಳೆ. ಒಂದೇ ಕಾಲು ಆಚೆ ಬಂದೈತೆ. ಇನ್ನೊಂದು ಕಾಣ್ತಿಲ್ಲ, ಮೂತಿನೂ ಕಾಣ್ತಿಲ್ಲ.”

ಕರು ಹುಟ್ಟುವಾಗ ಎರಡು ಮುಂಗಾಲು, ಅವುಗಳ ಮೇಲೆ ಒರಗಿದ ಮೂತಿ, ಹೀಗೆ ಬರಬೇಕು. ಒಂದೇ ಕಾಲು ಬಂದು ಮೂತಿಯೂ ಕಾಣದಿದ್ದರೆ ಒಳಗೆ ಇನ್ನೊಂದು ಕಾಲು ಮಡಿಚಿ, ಕತ್ತು ಹಿಂದಕ್ಕೆ ತಿರುಗಿರುತ್ತದೆ. ತಡವಾದರೆ ಕರುವೂ ಹೋಗುತ್ತದೆ, ತಾಯಿಯೂ ಹೋಗಬಹುದು. “ಎಳೀಬೇಡಿ. ಬಿಸಿನೀರು ಕಾಯಿಸಿಡಿ, ಬಂದೆ” ಎಂದು ಹೇಳಿ ಹೊರಟೆ.

ಸ್ಕೂಟರಿನ ದೀಪ ಮಂಜಿನಲ್ಲಿ ಹಾಲಿಗೆ ಹಾಲು ಸುರಿದಂತೆ ಬೆರೆತುಹೋಗುತ್ತಿತ್ತು. ರಸ್ತೆಯ ಬದಿ ಕಾಣದು, ಫಲಕ ಕಾಣದು. ಆ ದಿನ ಸೋಮಶೇಖರರೂ ದಾರಿ ತಪ್ಪುತ್ತಿದ್ದರೆಂದು ನನ್ನ ನಂಬಿಕೆ. ಹ್ಯಾಂಡಲಿಗೆ ಕಟ್ಟಿದ್ದ ಯಂತ್ರದಲ್ಲಿ ಬೆಳ್ಳಿಯ ಹೆಸರು ಒತ್ತಿದೆ. ಬಾಣ ಮೂಡಿತು. ಮಂಜೆಂದರೆ ಏನೆಂದೇ ತಿಳಿಯದ ಆ ಬಾಣ ಒಂದಿಷ್ಟೂ ಅನುಮಾನವಿಲ್ಲದೆ ಎದುರು ನೋಡುತ್ತಿತ್ತು. ನಾನು ಅದನ್ನೇ ನೋಡುತ್ತ, ಹಾರನ್ ಒತ್ತುತ್ತ, ಹಸುವಿಗಿಂತ ನಿಧಾನವಾಗಿ ಹೋದೆ. ಮುಖ್ಯರಸ್ತೆಯಿಂದ ತಿರುಗುವ ಕಡೆ ಬಾಣವೂ ತಿರುಗಿತು. ಆಮೇಲೆ ಇದ್ದಕ್ಕಿದ್ದಂತೆ ರಸ್ತೆ ಅಗಲವಾಯಿತು, ನುಣುಪಾಯಿತು. ಹೋದ ಸಲ ಇಲ್ಲಿ ರಾಗಿಯ ಹೊಲದ ನಡುವೆ ಕಾಲುದಾರಿ ಇದ್ದ ನೆನಪು. ಎರಡೂ ಕಡೆ ಬಿಳಿ ಕಲ್ಲುಗಳು, ಮನೆಯೊಂದೂ ಇಲ್ಲ. ಹೊಸ ಬಡಾವಣೆ. ದೂರದ ಅಂಕಿ ಇಳಿಯುತ್ತ ಇಳಿಯುತ್ತ ಬಂದು, ಇನ್ನೇನು ಮುಟ್ಟಿದೆ ಎನ್ನುವಾಗ ಸ್ಕೂಟರಿನ ಮುಂದೆ ಗೋಡೆಯೊಂದು ಎದ್ದು ನಿಂತಿತು. ನನ್ನ ತಲೆಗಿಂತ ಎತ್ತರ; ಆ ಕಡೆಗೂ ಈ ಕಡೆಗೂ ಮಂಜಿನೊಳಗೆ ಹೋಗಿ ಮಾಯವಾಗಿತ್ತು. ಬಾಣ ಗೋಡೆಯನ್ನೇ ತೋರಿಸುತ್ತಿತ್ತು. ಗೋಡೆಯ ಆಚೆಯಿಂದ ಬೆಳ್ಳಿ ನರಳುವುದು ಕೇಳಿಸಿತು.

“ಮಂಜುಳಾ!” ಎಂದು ಕೂಗಿದೆ.

“ಡಾಕ್ಟ್ರಮ್ಮ! ಆ ಕಡೆಯಿಂದ ಬಂದ್ಬಿಟ್ರಾ? ದಾರಿ ಮುಚ್ಚವ್ರೆ ಕಣಮ್ಮ. ಸುತ್ಕೊಂಡು ಕೆರೆ ಏರಿ ಮೇಲೆ ಬರ್ಬೇಕು!”

ಆ ಮಂಜಿನಲ್ಲಿ, ಒದ್ದೆಯಾದ ಕೆರೆ ಏರಿಯ ಮೇಲೆ, ನಾನು! ಬೆಳ್ಳಿ ಮತ್ತೆ ನರಳಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಓಡಿಬರುವ ಸದ್ದು. ಮಂಕಿ ಟೋಪಿ, ಶಾಲು, ಕೈಯಲ್ಲಿ ಕೋಲು. ಬಡಾವಣೆಯ ಕಾವಲುಗಾರ. “ಮೇಡಂ, ಇಧರ್ ರಸ್ತಾ ಇಲ್ಲ! ಗಾಡಿ ವಾಪಸ್!” ಎಂದು ಕೂಗುತ್ತ ಬಂದ.

ನಾನು ಅವನಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆ ವೇಗದ ಕನ್ನಡದಲ್ಲಿ ಅವನಿಗೆ ಒಂದು ಮಾತೂ ತಿಳಿಯಲಿಲ್ಲ. ಕತ್ತನ್ನು ಹಿಂದಕ್ಕೆ ತಿರುಗಿಸಿ ಒಂದು ಕೈ ಮುಂದೆ ಚಾಚಿ ಕರುವಿನಂತೆ ನಿಂತು ತೋರಿಸಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಪುಣ್ಯಕ್ಕೆ ಬೆಳ್ಳಿ ಆಗ ಮೂರನೆಯ ಸಲ ಕೂಗಿದಳು. ಅವನ ಮುಖ ಬದಲಾಯಿತು.

“ಗಾಯ್? ಬಚ್ಚಾ ಅಟಕ್ ಗಯಾ?” ಹಸುವಾ, ಕರು ಸಿಕ್ಕಿಕೊಂಡಿದೆಯಾ ಎಂದು ಕೇಳುತ್ತಿದ್ದ.

ಹೌದು ಹೌದು ಎಂದು ತಲೆಯಾಡಿಸಿದೆ. ಅವನು ಕೋಲು ಬಿಸಾಡಿ ಮಂಜಿನೊಳಗೆ ಓಡಿದ. ಮತ್ತೆ ಕಾಣಿಸಿಕೊಂಡಾಗ ಬಣ್ಣ ಹಚ್ಚುವವರ ಏಣಿಯೊಂದು ಅವನ ಹೆಗಲ ಮೇಲಿತ್ತು. ಆಚೆ ಕಡೆ ಮಂಜುಳ ಖಾಲಿ ಡ್ರಮ್ಮೊಂದನ್ನು ಉರುಳಿಸಿ ತಂದು ಬೋರಲು ಹಾಕಿದಳು. ಹ್ಯಾಂಡಲಿನ ಯಂತ್ರವನ್ನು ಬಿಚ್ಚಿ ಚೀಲಕ್ಕೆ ಹಾಕಿ, ಸೀರೆಯನ್ನು ಎತ್ತಿ ಸಿಕ್ಕಿಸಿ, ಗಂಬೂಟಿನಲ್ಲಿ, ಐವತ್ತು ದಾಟಿದ ನಾನು ಏಣಿ ಹತ್ತಿದೆ. ಗೋಡೆಯ ನೆತ್ತಿಯ ಮೇಲೆ ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಆದಾಗ, ಯಂತ್ರ ತೋರಿಸಿದ ದಾರಿಯನ್ನು ಕೂದಲೆಳೆಯಷ್ಟೂ ತಪ್ಪದೆ ಅನುಸರಿಸಿದ ಮೊದಲ ಮನುಷ್ಯಪ್ರಾಣಿ ನಾನೇ ಇರಬೇಕು ಎನ್ನಿಸಿತು. ಮಂಜುಳ ನನ್ನ ಸೊಂಟ ಹಿಡಿದು ಇಳಿಸಿಕೊಂಡಳು. ಕಾವಲುಗಾರ ನನ್ನ ಚೀಲ ದಾಟಿಸಿದ. ಯಾರೂ ಕರೆಯದಿದ್ದರೂ ತಾನೂ ಹತ್ತಿ ಇಳಿದ.

ಕೊಟ್ಟಿಗೆಯಲ್ಲಿ ಗೌರಮ್ಮ ಬೆಳ್ಳಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ಬಂದ್ರು ಕಣವ್ವ, ಬಂದ್ರು, ಇನ್ನೇನು ಹೆದ್ರಬ್ಯಾಡ” ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ತೋಳಿಗೆ ಸೋಪು ಹಚ್ಚಿಕೊಂಡು ಕೈ ಒಳಗೆ ಹಾಕಿದೆ. ಕಣ್ಣಿಗೆ ಏನೂ ಕಾಣದ ಈ ಕೆಲಸದಲ್ಲಿ, ವಿಚಿತ್ರವೆಂದರೆ, ನಾನು ಎಂದೂ ದಾರಿ ತಪ್ಪಿದವಳಲ್ಲ. ಕತ್ತು ಎಡಕ್ಕೆ ಮಡಿಚಿಕೊಂಡಿತ್ತು. ಬೆಳ್ಳಿಯ ನೋವು ಇಳಿದಾಗಲೆಲ್ಲ ಕರುವನ್ನು ಹಿಂದಕ್ಕೆ ಒತ್ತಿ ಜಾಗ ಮಾಡಿಕೊಂಡು, ದವಡೆಗೆ ಬೆರಳು ಸಿಕ್ಕಿಸಿ, ಮೆಲ್ಲಗೆ ಮೂತಿಯನ್ನು ಈಚೆ ತಂದೆ. ಒಮ್ಮೆ ಜಾರಿತು. ಮತ್ತೆ ತಂದೆ. ಬೆರಳಿಗೆ ನಾಲಗೆ ತಗುಲಿತು; ಅದು ಸಣ್ಣಗೆ ಅಲುಗಿತು. ಜೀವ ಇದೆ ಎಂದೆ.  ಇನ್ನೊಂದು ಕಾಲು ಸಿಕ್ಕಿತು. ಎರಡು ಕಾಲಿಗೂ ಹಗ್ಗ ಹಾಕಿ ಮಂಜುಳಳಿಗೂ ಕಾವಲುಗಾರನಿಗೂ ಕೊಟ್ಟು, ಬೆಳ್ಳಿ ಮುಕ್ಕಿದಾಗ ಮಾತ್ರ ಎಳೆಯಿರಿ ಎಂದು ಕೈಸನ್ನೆ ಮಾಡಿದೆ. ಅವನಿಗೆ ಹೇಳಬೇಕಾಗಿಯೇ ಇರಲಿಲ್ಲ. ಬೆಳ್ಳಿಯ ಉಸಿರಿಗೆ ಉಸಿರು ಸೇರಿಸಿ ಎಳೆಯುತ್ತ, ಅವಳು ನಿಲ್ಲಿಸಿದಾಗ ನಿಲ್ಲಿಸುತ್ತ, ತನ್ನ ಭಾಷೆಯಲ್ಲಿ ಅದೇನೋ ಸಮಾಧಾನ ಹೇಳುತ್ತಿದ್ದ. ಬೆಳ್ಳಿಯ ಒಂದು ಕಿವಿಗೆ ಕನ್ನಡ, ಇನ್ನೊಂದು ಕಿವಿಗೆ, ಆಮೇಲೆ ತಿಳಿದಂತೆ, ಒಡಿಯಾ.

ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಾಡಲಿಲ್ಲ. ಬಾಯಿ ಮೂಗು ಒರೆಸಿದೆ, ಎದೆ ತಿಕ್ಕಿದೆ, ತಲೆಯ ಮೇಲೆ ತಣ್ಣೀರು ಸುರಿದೆ. ಗೌರಮ್ಮ ಕಣ್ಣು ಮುಚ್ಚಿಕೊಂಡರು. ಒಂದು ಹುಲ್ಲುಕಡ್ಡಿ ತೆಗೆದು ಮೂಗಿನ ಹೊಳ್ಳೆಯೊಳಗೆ ಆಡಿಸಿದೆ. ಕರು ಸೀನಿತು. ಅಷ್ಟು ದೊಡ್ಡ ಸೀನು ಅಷ್ಟು ಸಣ್ಣ ಜೀವದಿಂದ ಬಂದದ್ದಕ್ಕೆ ಬೆಳ್ಳಿಯೂ ತಿರುಗಿ ನೋಡಿದಳು.

“ಹೆಣ್ಣು ಕಣೇ ಮಂಜಿ!” ಎಂದು ಗೌರಮ್ಮ ಕೂಗಿದರು. ಮಂಜುಳ ನಗುತ್ತ ಅಳುತ್ತ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ಬೆಳ್ಳಿ ಕರುವನ್ನು ನೆಕ್ಕಲು ಶುರುಮಾಡಿದಳು. ಆ ಕೆಲಸಕ್ಕೆ ಯಾವ ಡಾಕ್ಟರೂ ಬೇಕಿಲ್ಲ.

ಕೈಕಾಲು ತೊಳೆದುಕೊಂಡು, ಯಂತ್ರವನ್ನೂ ತೊಳೆದು, ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತೆವು. ಮಂಜುಳ ಕಾಫಿ ತಂದಳು. ಗೌರಮ್ಮ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಇದ್ರಾಗೆ ನಮ್ಮನೆ ಐತಾ?” ಎಂದು ಕೇಳಿದರು. ತೋರಿಸಿದೆ.

“ಏನಂತ ಬರ್ದೈತೆ?”

ನಾನು ತುಸು ಮುಜುಗರದಿಂದ, “ಬೆಳ್ಳಿ ಅಂತ” ಎಂದೆ.

ಗೌರಮ್ಮ ಸ್ವಲ್ಪ ಯೋಚಿಸಿದರು. “ಸರಿಯಾಗೇ ಬರ್ದೈತೆ ಬುಡು. ಮನೆ ಅವಳ್ದೇ. ನಾವಿಬ್ರೂ ಅವಳ ಚಾಕರಿಗಿರೋರು” ಎಂದರು.

ಕಾವಲುಗಾರ ಲೋಟ ಹಿಡಿದು ಸ್ವಲ್ಪ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಹೆಸರು ಕೇಳಿದೆ. ಬನಮಾಲಿ. ಊರು ಒಡಿಶಾದ ಬಾಲಾಂಗೀರ್ ಪಟ್ಟಣದ ಹತ್ತಿರದ ಹಳ್ಳಿ. ಮನೆಯಲ್ಲಿ ಹಸುಗಳಿವೆ, ಹೆಂಡತಿ ನೋಡಿಕೊಳ್ಳುತ್ತಾಳೆ ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದ. ಲೋಟ ಕೆಳಗಿಟ್ಟು, ಯಂತ್ರದ ಕಡೆ ಬೆರಳು ಮಾಡಿ, “ಮೇಡಂ, ಇದರಲ್ಲಿ ನಮ್ಮ ಊರು ಇದೆಯಾ?” ಎಂದು ಕೇಳಿದ.

ನಾನು ಹೋಗದ ಜಾಗದ ಚುಕ್ಕಿ ನನ್ನಲ್ಲಿ ಹೇಗಿರುತ್ತದೆ? ಇಲ್ಲ ಎನ್ನುವುದರಲ್ಲಿದ್ದೆ. ಆದರೆ ದೊಡ್ಡ ಪಟ್ಟಣಗಳ ಹೆಸರು ಇದರೊಳಗೆ ಮೊದಲೇ ಇರುತ್ತವೆ ಎಂದು ನಸ್ರೀನ್ ಹೇಳಿದ್ದಳು. ಹೋಬಳಿ ದಾಟದ ನನಗೆ ಅದರ ಅಗತ್ಯ ಬಿದ್ದಿರಲಿಲ್ಲ. ಒಂದೊಂದೇ ಅಕ್ಷರ ಒತ್ತಿದೆ. ಬಾಲಾಂಗೀರ್ ಇತ್ತು.

ನಿಂತಲ್ಲೇ ನಿಂತರೆ ಈ ಬಾಣಕ್ಕೆ ದಿಕ್ಕು ತೋಚುವುದಿಲ್ಲ, ಸುಮ್ಮನೆ ತಿರುಗುತ್ತಿರುತ್ತದೆ, ಸ್ವಲ್ಪ ನಡೆಯಬೇಕು. ಹಾಗಾಗಿ ನಾನೂ ಬನಮಾಲಿಯೂ ಎದ್ದು ಅಂಗಳದಲ್ಲಿ ನಡೆದೆವು, ಹುಲ್ಲಿನ ಮೆದೆಯ ತನಕ. ಬಾಣ ಅತ್ತಿತ್ತ ಆಡಿ ನೆಟ್ಟಗಾಯಿತು. ಕೆಳಗೆ ದೂರದ ಅಂಕಿ ಬಹಳ ದೊಡ್ಡದಿತ್ತು. ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಬಾಣವನ್ನಷ್ಟೇ ತೋರಿಸಿದೆ.

ಮಂಜು ಅಷ್ಟು ಹೊತ್ತಿಗೆ ತೆಳುವಾಗಿ ಬಿಸಿಲು ಇಳಿಯುತ್ತಿತ್ತು. ಬಾಣ ಮೆದೆಯನ್ನು ದಾಟಿ, ನೀಲಗಿರಿ ತೋಪಿನ ಮೇಲೆ, ನಮ್ಮ ತಾಲ್ಲೂಕಿನದೇ ವಿಜಯಪುರದ ರಸ್ತೆಯ ಕಡೆಗೆ ತೋರಿಸುತ್ತಿತ್ತು. ಬನಮಾಲಿ ಆ ಕಡೆ ನೋಡಿದ. ಆಮೇಲೆ ತನ್ನ ಬೆನ್ನ ಹಿಂದೆ ತಿರುಗಿ ನೋಡಿ, ತಲೆ ಕೆರೆದುಕೊಂಡು ನಕ್ಕ.

“ನಾನು ಇಷ್ಟು ದಿನ ಆ ಕಡೆ ಅಂದ್ಕೊಂಡಿದ್ದೆ ಮೇಡಂ. ರೈಲು ತುಂಬ ತಿರುಗ್ತು, ಬಸ್ಸು ತಿರುಗ್ತು.”

ಅವನನ್ನು ನೋಡಿ ನನಗಾದ ಹಿಗ್ಗನ್ನು ಏನೆಂದು ಹೇಳಲಿ! ಗಂಡನಿಂದ ಹಿಡಿದು ಗೌರಮ್ಮನವರೆಗೆ ಎಲ್ಲರಿಗೂ ದಿಕ್ಕು ತಿಳಿದಿರುವ ಈ ಸೀಮೆಯಲ್ಲಿ ನನ್ನ ಕುಲದವನೊಬ್ಬ ಸಿಕ್ಕಿದ್ದ. ಅವನು ಇನ್ನೂ ಸ್ವಲ್ಪ ಹೊತ್ತು ತೋಪಿನ ಮೇಲಿನ ಬೆಳ್ಳನೆಯ ಆಕಾಶ ನೋಡುತ್ತ ನಿಂತಿದ್ದ. ನಾನು ಚೀಲ ಕಟ್ಟಿಕೊಳ್ಳುವುದನ್ನು ನಿಧಾನ ಮಾಡಿದೆ.

ಮಾರನೆಯ ದಿನ ಗಿಣ್ಣು ಬಂತು. ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಟ್ಟಿ ಮಾಡಿದ್ದು. ಮಂಜುಳ ಮೂರು ಡಬ್ಬಿ ಕಳಿಸಿದ್ದಳು: ಒಂದು ನನಗೆ, ಒಂದು “ಮಿಸೀನು ಆರ್ಸಿಕೊಟ್ಟ ಅಕ್ಕನಿಗೆ”, ಒಂದು ಆಸ್ಪತ್ರೆಗೆ. ಬನಮಾಲಿಯದನ್ನು ಅವಳೇ ಡ್ರಮ್ಮು ಹತ್ತಿ ಗೋಡೆಯ ಮೇಲಿಂದ ಕೊಟ್ಟಳಂತೆ. ಆಚೆ ಬದಿಯ ಏಣಿ ಈಗಲೂ ಅಲ್ಲೇ ಒರಗಿಕೊಂಡಿದೆ. ತೆಗೆಯಬೇಕೆಂದು ಯಾರಿಗೂ ನೆನಪಾಗಿಲ್ಲ, ಅಥವಾ ನೆನಪು ಮಾಡಿಕೊಂಡಿಲ್ಲ. ಮಂಜುಳ ಬಸ್ಸಿಗೆ ಹೋಗುವುದು ಈಗ ಆ ದಾರಿಯಲ್ಲೇ. ಗಿಣ್ಣು ತಿನ್ನುತ್ತ ಸೋಮಶೇಖರರು ಎಲ್ಲವನ್ನೂ ಕೇಳಿ, “ಗೋಡೆ ಹತ್ತಿದೆಯಾ? ನೀನು?” ಎಂದು ಎರಡು ಸಲ ಕೇಳಿದರು. ಆಮೇಲೆ ತಮ್ಮ ಪಾಲಿನ ಕೊನೆಯ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

ಕರುವನ್ನು ನೋಡಲು ಮತ್ತೆ ಹೋದಾಗ ಬಿಸಿಲು ಚೆನ್ನಾಗಿತ್ತು. ಬಡಾವಣೆಯ ಬಾಗಿಲಲ್ಲಿ ಬನಮಾಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ, ಬಾಗಿಲಿಗೆ ಬೆನ್ನು ಹಾಕಿ, ವಿಜಯಪುರದ ಕಡೆಗೆ ಮುಖ ಮಾಡಿಕೊಂಡು. ಸ್ಕೂಟರ್ ನಿಲ್ಲಿಸಿ, “ಏನಪ್ಪಾ ಬನಮಾಲಿ, ಹಿಂಗೆ ಕೂತ್ರೆ ಬಾಗಿಲಲ್ಲಿ ಯಾರು ಬಂದ್ರು ಅಂತ ಹೆಂಗೆ ಗೊತ್ತಾಗುತ್ತೆ?” ಎಂದು ಕೇಳಿದೆ.

“ಗಾಡಿ ಬಂದ್ರೆ ಆವಾಜ್ ಬರುತ್ತೆ ಮೇಡಂ” ಎಂದ. “ಊರಿಂದು ಆವಾಜ್ ಬರಲ್ಲ. ಅದಕ್ಕೆ.”

ಅಂದಿನಿಂದ ಆ ಬಾಗಿಲಿಗೆ ಬಂದಾಗಲೆಲ್ಲ ನಾನು ದೂರದಿಂದಲೇ ಒಮ್ಮೆ ಹಾರನ್ ಒತ್ತುತ್ತೇನೆ. ಅವನು ತಿರುಗದೆಯೇ ಕೈ ಎತ್ತುತ್ತಾನೆ. ನಾನು ಒಳಗೆ ಹೋಗುತ್ತೇನೆ.